ಯಜಮಾನಿಕೆಯ ಪರೀಕ್ಷೆ

ಮುದುಕನ ಮಗನನ್ನು ನೋಡಿದ ಕೂಡಲೇ ಶಿವಶರಣನಿಗೆ ಮೈ ಉರಿಯಿತು. ಕಾರಣ ದೊಡ್ಡದೇನಲ್ಲ. ಆ ಮನುಷ್ಯ ಕಿವಿಯಲ್ಲಿ ಫೋನಿನ ಬಿಳಿ ಗುಂಡಿ ಸಿಕ್ಕಿಸಿಕೊಂಡು ಯಾರೊಡನೆಯೋ ಮಾತಾಡುತ್ತಲೇ ಕ್ಲಿನಿಕ್ಕಿನೊಳಗೆ ಬಂದ. ಒಂದು ಕೈಯಿಂದ ತಾಯಿಯ ಗಾಲಿಕುರ್ಚಿ ತಳ್ಳುತ್ತ, ಇನ್ನೊಂದು ಕೈಯ ಎರಡು ಬೆರಳನ್ನು ನೆಲದ ಕಡೆ ಆಡಿಸಿ, ಹಿಂದೆ ಬರುತ್ತಿದ್ದ ತಂದೆಗೆ ಅಲ್ಲಿ ಕೂತುಕೋ ಎಂದು ತೋರಿಸಿದ. ನಾಯಿಗೆ ಹೀಗೆ ತೋರಿಸುತ್ತಾರೆ. ತಂದೆ ಕೂತ. ಕೂತವನು ಬಟ್ಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ಎದುರಿನ ಗೋಡೆಯ ಮೇಲಿದ್ದ ಮೆದುಳಿನ ಬಣ್ಣದ ಚಿತ್ರವನ್ನು ಯಾವುದೋ ದೇವರ ಪಟವೆಂಬಂತೆ ನೋಡತೊಡಗಿದ. ತಾಯಿಯ ಬಲಗೈ ಮಡಿಲಲ್ಲಿ ಸತ್ತು ಬಿದ್ದಿತ್ತು. ಪಾರ್ಶ್ವವಾಯು. ಬಾಯಿಯ ಒಂದು ಅಂಚು ಕೆಳಗೆ ಜಾರಿತ್ತು, ಎಡಗೈಯಲ್ಲಿ ಒಂದು ಸಣ್ಣ ಟವೆಲ್ಲು. ಆದರೆ ಅವಳ ಕಣ್ಣು ಜಾರಿರಲಿಲ್ಲ. ಅವು ಶಿವಶರಣನ ಬೂಟಿನಿಂದ ಹಿಡಿದು ಎದೆಯ ಮೇಲಿನ ಬ್ಯಾಡ್ಜಿನವರೆಗೆ ಒಮ್ಮೆ ಹತ್ತಿ ಇಳಿದವು.

"ನೀವು ಡಾಕ್ಟರಾ?" ಎಂದು ಮಗ ಇಂಗ್ಲಿಷಿನಲ್ಲಿ ಕೇಳಿದ. ಕೆವಿನ್ ಲ್ಯಾಮ್ ಎಂದು ಹೆಸರು.

"ಅಲ್ಲ. ಪರೀಕ್ಷೆ ಮಾಡುವವನು."

"ಓ," ಎಂದ ಕೆವಿನ್.

ಈ 'ಓ' ಶಿವಶರಣನಿಗೆ ಚೆನ್ನಾಗಿ ಗೊತ್ತು. ಸಿರಿವಂತರ ಊರಾದ ಸರಟೋಗಾದ ದೊಡ್ಡ ದೊಡ್ಡ ಹಜಾರಗಳಲ್ಲಿ, ಕೈಯಲ್ಲಿ ಗ್ಲಾಸು ಹಿಡಿದ ಎಂಜಿನಿಯರುಗಳ ಬಾಯಿಂದ, ಎಷ್ಟೋ ಸಲ ಅದು ಬಿದ್ದು ಅವನ ಕಾಲ ಬಳಿ ಉರುಳಿದೆ. ಕೆವಿನ್ ಗುಂಡಿಯನ್ನು ಕಿವಿಯಿಂದ ಕಿತ್ತು ಜೇಬಿಗೆ ಹಾಕಿಕೊಂಡು, ಮನೆಯ ನಲ್ಲಿ ರಿಪೇರಿಯವನಿಗೆ ಹೇಳುವ ಹಾಗೆ ಹೇಳಿದ: "ನೇರವಾಗಿ ಹೇಳಿಬಿಡುತ್ತೇನೆ. ಅಮ್ಮನ ಔಷಧಿ, ಊಟ, ಸ್ನಾನ ಎಲ್ಲ ಅಪ್ಪನೇ ಮಾಡೋದು. ಈಚೆಗೆ ಅಪ್ಪನ ತಲೆ ಸರಿ ಇಲ್ಲ ಅಂತ ನನಗೆ ಅನುಮಾನ. ಸರಿ ಇದೆ ಅಂತ ನೀವು ಹೇಳಿದರೆ ಅವರಿಬ್ಬರೂ ಇಲ್ಲೇ, ಯೂನಿಯನ್ ಸಿಟಿಯ ಅಪಾರ್ಟ್‌ಮೆಂಟಿನಲ್ಲೇ ಇರಲಿ. ಇಲ್ಲ ಅಂತಾದರೆ ಅಮ್ಮ ನರ್ಸಿಂಗ್ ಹೋಮಿಗೆ, ಅಪ್ಪ ಸರಟೋಗಾಕ್ಕೆ, ನಮ್ಮ ಮನೆಗೆ. ಅಮ್ಮನನ್ನ ಅಲ್ಲಿಗೆ ಕರಕೊಂಡು ಹೋಗೋಕಾಗಲ್ಲ. ಮೆಟ್ಟಿಲು ಜಾಸ್ತಿ."

ಮೆಟ್ಟಿಲಂತೆ. ಸರಟೋಗಾದ ಗುಡ್ಡದ ಮೇಲೆ ಮನೆ ತೆಗೆದುಕೊಳ್ಳುವ ತಾಕತ್ತಿರುವವನಿಗೆ ಕೆಳಗಿನ ಕೋಣೆಯಲ್ಲಿ ಒಂದು ಮಂಚ ಹಾಕುವ ತಾಕತ್ತಿಲ್ಲ. ಅದನ್ನು ಮುಖಕ್ಕೆ ಹೊಡೆದಂತೆ ಹೇಳಿಬಿಡಬೇಕೆಂದು ನಾಲಿಗೆ ತುರಿಸಿತು. ಹೇಳಲಿಲ್ಲ. ಹೇಳದೆ ಉಳಿದ ಮಾತುಗಳು ಅವನ ಗಂಟಲಲ್ಲಿ ಈ ದೇಶಕ್ಕೆ ಬಂದಾಗಿನಿಂದ ಕೂಡಿಬಿದ್ದಿದ್ದವು. ಊರಿನಲ್ಲಿದ್ದಾಗ ಅವನು ಬಾಯಿಗೆ ಬಂದದ್ದನ್ನು ಹೇಳಿ, ಎರಡು ಏಟು ತಿಂದು ಒಂದು ಏಟು ಕೊಟ್ಟು, ರಾತ್ರಿ ಹಾಯಾಗಿ ಮಲಗುತ್ತಿದ್ದ. ಇಲ್ಲಿ ಬಾಯಿ ಮುಚ್ಚಿಕೊಂಡು ಗುಳಿಗೆ ನುಂಗಿ ಮಲಗುತ್ತಾನೆ.

ಈ ಕೆಲಸ ಕೊಟ್ಟವಳು ಸಂಯುಕ್ತಾ. ಬೆಂಗಳೂರಿನ ಹುಡುಗಿ, ಈ ಕ್ಲಿನಿಕ್ಕಿನ ಡಾಕ್ಟರು, ಅವನಿಗಿಂತ ಹದಿನೈದು ವರ್ಷ ಚಿಕ್ಕವಳು. ಅವನ ಹೆಂಡತಿ ನಿರುಪಮಾ ಯಾವುದೋ ಅರಿಸಿನ ಕುಂಕುಮದಲ್ಲಿ ಅವಳ ಕೈ ಹಿಡಿದುಕೊಂಡು, "ನಮ್ಮನೆಯವ್ರು ಸೈಕಾಲಜಿ ಎಂ.ಎ. ಮಾಡಿದಾರೆ ಕಣೇ, ಮನೇಲಿ ಕೂತು ಕೂತು ಸಿಡುಕ್ತಾರೆ" ಎಂದು ಹೇಳಿ ಕೊಡಿಸಿದ ಕೆಲಸ. ಎರಡು ವಾರ ತರಬೇತಿ ಕೊಟ್ಟು ಸಂಯುಕ್ತಾ ಅವನನ್ನು ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ ಕೂರಿಸಿದಳು. ಈ ಸುತ್ತಮುತ್ತ ವಯಸ್ಸಾದ ಚೀನೀಯರು ಹೆಚ್ಚು. ಅವರ 'ಎಕ್ಸಿಕ್ಯೂಟಿವ್ ಫಂಕ್ಷನ್ನು' ಎಷ್ಟು ಉಳಿದಿದೆ ಎಂದು ಅಳೆಯುವುದು ಅವನ ಕೆಲಸ. ಆ ಇಂಗ್ಲಿಷ್ ಮಾತನ್ನು ಅವನು ಮನಸ್ಸಿನಲ್ಲಿ ಯಜಮಾನಿಕೆ ಎಂದು ಮಾಡಿಕೊಂಡಿದ್ದ. ಯಾವುದು ಮೊದಲು, ಯಾವುದು ಆಮೇಲೆ, ಎಲ್ಲಿ ನಿಲ್ಲಿಸಬೇಕು ಎಂದು ಹೇಳುವವನು ಯಜಮಾನ. ಅವನು ಹಣೆಯ ಹಿಂದೆ ಕೂತಿರುತ್ತಾನೆ. ಅವನು ಹೋದ ಮೇಲೂ ಆಳುಗಳು ಕೆಲಸ ಮಾಡುತ್ತಲೇ ಇರುತ್ತಾರೆ. ಕೈ ಕತ್ತರಿಸುತ್ತದೆ, ಬಾಯಿ ನಗುತ್ತದೆ, ಕಾಲು ಮನೆಯ ದಾರಿ ಹಿಡಿಯುತ್ತದೆ. ಹೊರಗಿನವರಿಗೆ ಬಹಳ ದಿನ ತಿಳಿಯುವುದಿಲ್ಲ. ಶಿವಶರಣನ ಸ್ವಂತ ಮನೆಯಲ್ಲಿ ಯಜಮಾನಿಕೆ ನಿರುಪಮಾಳದು. ಸಂಬಳ ಅವಳದು, ಮನೆ ಅವಳ ಹೆಸರಿನಲ್ಲಿ, ಮಗಳು ನಿಹಾರಿಕಾ ಏನಾದರೂ ಕೇಳುವುದಿದ್ದರೆ ಅವಳನ್ನೇ ಕೇಳುತ್ತಾಳೆ. ತನ್ನ ಮನೆಯಲ್ಲಿಲ್ಲದ ಯಜಮಾನನನ್ನು ಊರವರ ತಲೆಯಲ್ಲಿ ಹುಡುಕುವ ಕೆಲಸ ತನ್ನ ಪಾಲಿಗೆ ಬಂತಲ್ಲ ಎಂದು ಅವನಿಗೆ ದಿನಕ್ಕೊಂದು ಸಲವಾದರೂ ಹೇಸಿಗೆಯಾಗುತ್ತಿತ್ತು.

ಹೋದ ಭಾನುವಾರ ಮಧುಕರನ ಮನೆಯಲ್ಲಿ ಊಟ. ಮಧುಕರ್ ನಿರುಪಮಾಳ ಆಫೀಸಿನವನು, ಹಾಸನದವನು. ಬಾಗಿಲಲ್ಲೇ ಕೂಗಿದ: "ಏನ್ ಸಾರ್, ಚೈನೀಸ್ ತಾತಂದಿರಿಗೆ ಎಲ್‌ಕೆಜಿ ಓಪನ್ ಮಾಡಿದ್ದೀರಂತೆ?" ಎಲ್ಲರೂ ನಕ್ಕರು. ನಿರುಪಮಾ ಇನ್ನಷ್ಟು ನಗಿಸಲು, "ರೀ, ಆ ಅನಿಮಲ್ ಟೆಸ್ಟು ಇವ್ರಿಗೂ ಮಾಡ್ಸಿ, ಮಜಾ ಇರತ್ತೆ" ಎಂದಳು. ಹೀಗೆ ಅವನು ಸೋಫಾದ ತುದಿಯಲ್ಲಿ ಕೂತು ಫೋನಿನ ಗಡಿಯಾರ ಹಿಡಿಯಬೇಕಾಯಿತು. ಮಧುಕರ್ ಎದ್ದು ನಿಂತು, ಎದೆಯುಬ್ಬಿಸಿ, ಒಂದು ನಿಮಿಷದಲ್ಲಿ ಬೇಕಾದಷ್ಟು ಪ್ರಾಣಿಗಳ ಹೆಸರು ಹೇಳುವವನ ಹಾಗೆ ಶುರುಮಾಡಿದ: "ಲಯನ್ನು, ಟೈಗರ್ರು, ಎಲಿಫೆಂಟು, ಡಾಗು, ಕ್ಯಾಟು..." ಅಲ್ಲಿಗೆ ಸಿಕ್ಕಿಬಿದ್ದ. "ಲಯನ್ನು... ಹೇಳಿದ್ನಾ?" ಹೆಂಗಸರು ಕೇಕೆ ಹಾಕಿದರು. "ಅನ್‌ಫೇರ್ ಕಣ್ರೀ, ಎರಡು ಗ್ಲಾಸ್ ವೈನ್ ಆಗಿದೆ ನಂಗೆ," ಎಂದ ಮಧುಕರ್. ಶಿವಶರಣ ತಲೆ ಎತ್ತದೆ, "ನಮ್ಮ ಮುದುಕ್ರು ಇದಕಿಂತ ಚೊಲೋ ಹೇಳ್ತಾರ್ರೀ" ಎಂದ. ನಗು ನಿಂತಿತು. ವಾಪಸು ಬರುವಾಗ ಫ್ರೀವೇಯಲ್ಲಿ ನಿರುಪಮಾ, "ಅಷ್ಟು ಜನರ ಮುಂದೆ ಹಾಗನ್ನೋದಾ?" ಎಂದಳು.

"ನಾ ಖರೇನ ಹೇಳೀನಿ."

"ನಿಜಾನೋ ಸುಳ್ಳೋ ಯಾರಿಗ್ರೀ ಬೇಕು. ನಗೋದಕ್ಕೆ ಕೇಳಿದ್ರು, ನಕ್ಕು ಸುಮ್ನಾಗ್ಬೇಕು."

"ಹಂಗಾದ್ರ ನಾಳಿಂದ ಬಣ್ಣ ಹಚ್ಕೊಂಡು ಹೋಗ್ತೀನಿ ತಗಾ."

ಅವಳು ರೇಡಿಯೋ ಹಚ್ಚಿದಳು. ಕಾರು ಓಡಿಸುತ್ತಿದ್ದವಳೂ ಅವಳೇ.

ಈಗ ಪರೀಕ್ಷೆಯ ಕೋಣೆಯಲ್ಲಿ ಮುದುಕ ಕುರ್ಚಿಯ ಅಂಚಿಗೆ ಕೂತಿದ್ದ. ಪಕ್ಕದಲ್ಲಿ ದುಭಾಷಿ ವಿನ್ನಿ. ನಲವತ್ತರ ಹೆಂಗಸು, ಗಂಟೆಯ ಲೆಕ್ಕದಲ್ಲಿ ಬಂದುಹೋಗುವವಳು, ಗಮ್ ಜಗಿಯುತ್ತ ಕ್ಯಾಂಟನೀಸನ್ನು ಇಂಗ್ಲಿಷಿಗೂ ಇಂಗ್ಲಿಷನ್ನು ಕ್ಯಾಂಟನೀಸಿಗೂ ತರಕಾರಿ ತೂಗಿದ ಹಾಗೆ ತೂಗಿ ಹಾಕುವವಳು. ಮುದುಕ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಯುಷ್ಯವೆಲ್ಲ ಸುಟ್ಟ ಬಾತುಕೋಳಿ ಕತ್ತರಿಸಿ ಮಾರುವ ಅಂಗಡಿಯಲ್ಲಿದ್ದವನಂತೆ. ಪ್ರಾಣಿಗಳ ಹೆಸರು ಹೇಳಿ ಎಂದರೆ, "ಬಾತು, ಹೆಬ್ಬಾತು, ಕೋಳಿ, ಪಾರಿವಾಳ, ಹಂದಿ" ಎಂದು ಹೇಳಿ, ಕೈಯನ್ನು ಮಂಡಿಯ ಮೇಲಿಟ್ಟುಕೊಂಡು ಕೂತುಬಿಟ್ಟ. ಗಡಿಯಾರ ಇನ್ನೂ ಓಡುತ್ತಿತ್ತು.

"ಅಷ್ಟೇ ಅಂತೆ," ಎಂದಳು ವಿನ್ನಿ. "ಅವರ ಅಂಗಡಿಯಲ್ಲಿ ಅಷ್ಟೇ ನೇತುಹಾಕುತ್ತಿದ್ದರಂತೆ."

"ಇನ್ನೂ ಯಾವುದಾದರೂ ಇದೆಯೇ ಕೇಳು."

ಕೇಳಿದಳು. ಮುದುಕ ಯೋಚಿಸಿ ಉತ್ತರ ಕೊಟ್ಟ. ವಿನ್ನಿ ನಗು ತಡೆದುಕೊಂಡು, "ದನ ಬೇಕಾದರೆ ಪಕ್ಕದ ಅಂಗಡಿಗೆ ಹೋಗಬೇಕಂತೆ" ಎಂದಳು.

ಶಿವಶರಣ ನಗಲಿಲ್ಲ. ಈ ಪ್ರಶ್ನೆ ಮಾಡಿದವನು ಯಾವನೋ, ಅವನನ್ನು ಒಂದು ದಿನ ಆ ಅಂಗಡಿಯ ಗಾಜಿನ ಹಿಂದೆ ನಿಲ್ಲಿಸಬೇಕು ಅನ್ನಿಸಿತು. ಆಮೇಲೆ ಅವನು ಮುಖ್ಯ ಪರೀಕ್ಷೆಯ ಹಾಳೆ ತೆಗೆದ. ಹಾಳೆಯ ತುಂಬ ಚೆಲ್ಲಾಪಿಲ್ಲಿಯಾಗಿ ವೃತ್ತಗಳು, ಅರ್ಧದಷ್ಟು ಗುಲಾಬಿಯವು, ಅರ್ಧದಷ್ಟು ಹಳದಿಯವು, ಒಳಗೆ ಅಂಕಿಗಳು. ಗುಲಾಬಿ ಒಂದರಿಂದ ಹಳದಿ ಎರಡಕ್ಕೆ, ಅಲ್ಲಿಂದ ಗುಲಾಬಿ ಮೂರಕ್ಕೆ, ಹೀಗೆ ಬಣ್ಣ ಬದಲಿಸುತ್ತ ಅಂಕಿಯ ಸಾಲಿನಲ್ಲಿ ಗೆರೆ ಎಳೆಯುತ್ತ ಹೋಗಬೇಕು. ತಪ್ಪಿದರೆ ಪರೀಕ್ಷಕ ತಕ್ಷಣ ತಡೆದು ತಿದ್ದಬೇಕು. ತಿದ್ದುವಾಗಲೂ ಗಡಿಯಾರ ಓಡುತ್ತಿರಬೇಕು. ಕಡೆಗೆ ಲೆಕ್ಕಕ್ಕೆ ಬರುವುದು ಹಿಡಿದ ಸಮಯ. "ಅಂಕಲ್, ಏನೇ ಆದ್ರೂ ಸ್ಟಾಪ್‌ವಾಚ್ ಮಾತ್ರ ಮುಟ್ಬೇಡಿ, ಅದೊಂದೇ ರೂಲು" ಎಂದು ಸಂಯುಕ್ತಾ ಮೊದಲ ದಿನವೇ ಹೇಳಿದ್ದಳು.

ಮುದುಕ ಶುರುಮಾಡಿದ. ಕೈ ನಡುಗಲಿಲ್ಲ, ಗೆರೆ ನೇರವಾಗಿತ್ತು. ಗುಲಾಬಿಯಿಂದ ಹಳದಿಗೆ ಹೋದ, ಹಳದಿಯಿಂದ ಗುಲಾಬಿಗೆ ಬಂದ, ಗುಲಾಬಿಯಿಂದ ಮತ್ತೊಂದು ಗುಲಾಬಿಗೆ ಹೋದ. ಶಿವಶರಣ ತಡೆದು ಇಂಗ್ಲಿಷಿನಲ್ಲಿ ಹೇಳಿದ, ವಿನ್ನಿ ಅದನ್ನು ತೂಗಿ ಹಾಕಿದಳು. ಅವಳು ಬಾಯಿ ತೆರೆದ ಕೂಡಲೇ ಮುದುಕ ಪೆನ್ಸಿಲನ್ನು ಮೆಲ್ಲಗೆ ಮೇಜಿನ ಮೇಲೆ ಮಲಗಿಸಿ, ಎರಡೂ ಕೈಯನ್ನು ಮಂಡಿಯ ಮೇಲಿಟ್ಟು, ಅವಳ ಮಾತು ಪೂರ್ತಿ ಮುಗಿಯುವವರೆಗೆ ಅವಳ ಬಾಯಿಯನ್ನೇ ನೋಡಿದ. ಮುಗಿದ ಮೇಲೆ ತಲೆಯಾಡಿಸಿ, ಶಿವಶರಣನ ಕಡೆ ತಿರುಗಿ ಅಪ್ಪಣೆಗೆ ಕಾದ. ಅಪ್ಪಣೆ ಸಿಕ್ಕ ಮೇಲೆ ಪೆನ್ಸಿಲು ತೆಗೆದುಕೊಂಡ. ಅಷ್ಟು ಹೊತ್ತೂ ಗಡಿಯಾರ ಓಡುತ್ತಿತ್ತು. ಇವರೆಲ್ಲರೂ ಹೀಗೆಯೇ. ಶಿವಶರಣ ಇದನ್ನು ಬಹಳ ದಿನದಿಂದ ನೋಡಿದ್ದ. ಇಲ್ಲಿನ ಬಿಳಿಯ ಮುದುಕರು ತಿದ್ದಿದರೆ, "ಸರಿ ಸರಿ ಗೊತ್ತಾಯಿತು" ಎಂದು ಗೊಣಗುತ್ತ ಗೆರೆ ಎಳೆಯುತ್ತಲೇ ಇರುತ್ತಾರೆ. ಈ ಜನ ಮಾತ್ರ, ಕಲಿಸುವವನು ಮಾತಾಡುವಾಗ ಕೈಯಲ್ಲಿ ಏನನ್ನೂ ಹಿಡಿಯುವುದಿಲ್ಲ. ಮರ್ಯಾದೆಗೆ ಹಿಡಿದ ಸಮಯವನ್ನು ಮರೆವಿನ ಖಾತೆಗೆ ಹಾಕುವ ಪರೀಕ್ಷೆ ಇದು. ಒಮ್ಮೆ ಸಂಯುಕ್ತಾಗೆ ಹೇಳಿದ್ದ. "ಇಂಟ್ರೆಸ್ಟಿಂಗ್ ಅಂಕಲ್, ಒಂದು ಇಮೇಲ್ ಹಾಕಿ" ಎಂದಿದ್ದಳು. ಹಾಕಲಿಲ್ಲ. ಅವನ ಇಂಗ್ಲಿಷ್ ಇಮೇಲನ್ನು ಅವಳು ತಿದ್ದಿ ವಾಪಸು ಕಳಿಸುತ್ತಿದ್ದಳು, ಕೆಂಪು ಬಣ್ಣದಲ್ಲಿ.

ಬಳಪ ಕೆಳಗ! ಊರ ಶಾಲೆಯ ವಿರುಪಾಕ್ಷಪ್ಪ ಮಾಸ್ತರರ ದನಿ ಶಹಾಬಾದ ಕಲ್ಲಿನ ನೆಲದ ಮೇಲೆ ಬಂದು ಬೀಳುತ್ತದೆ. ನಲವತ್ತು ಬಳಪಗಳು ಒಮ್ಮೆಗೇ ಕಲ್ಲಿಗೆ ತಾಗಿದ ಸದ್ದು. ಎರಡನೇ ಇಯತ್ತೆಯ ಶಿವ್ಯಾ, ಅಂದಿನ ಶಿವಶರಣ, ಒಬ್ಬ ಮಾತ್ರ ಲೆಕ್ಕ ಮುಗಿಯಲಿ ಎಂದು ಬರೆಯುತ್ತಲೇ ಇದ್ದಾನೆ. ಮಾಸ್ತರರು ಬೈಯಲಿಲ್ಲ. ಹತ್ತಿರ ಬಂದು ಅವನ ಪಾಟಿಯನ್ನು ತೆಗೆದುಕೊಂಡು, ಅದರ ಮೇಲಿದ್ದ ಲೆಕ್ಕದ ಮೇಲೆ ಉಗುಳಿ, ತಮ್ಮ ಧೋತರದ ಅಂಚಿನಿಂದ ಒರೆಸಿ ಕೊಟ್ಟರು. ಲೆಕ್ಕ ಸರಿಯಿತ್ತು. ಇವತ್ತಿಗೂ ಸಂಯುಕ್ತಾ ಮಾತಾಡತೊಡಗಿದರೆ ಶಿವಶರಣನ ಕೈಯ ಪೆನ್ನು ತಾನಾಗಿಯೇ ಮೇಜಿನ ಮೇಲೆ ಮಲಗುತ್ತದೆ. ಅದನ್ನು ಅವಳು ಕಂಡಿದ್ದಾಳೆ. ಕಂಡು, ತನ್ನ ಮಾತಿಗೆ ಇಷ್ಟು ಬೆಲೆ ಕೊಡುವ ಮನುಷ್ಯನೆಂದು ಹಿಗ್ಗಿದ್ದಾಳೆ, ದಡ್ಡಿ.

ಮುದುಕ ಮತ್ತೆ ಗುಲಾಬಿಯಿಂದ ಗುಲಾಬಿಗೆ ಹೋದ. ಮತ್ತೆ ತಡೆ, ಮತ್ತೆ ವಿನ್ನಿಯ ಬಾಯಿ, ಮತ್ತೆ ಪೆನ್ಸಿಲು ಮಲಗಿತು. ಗೋಡೆಯಾಚೆ ಕೆವಿನ್ ಫೋನಿನಲ್ಲಿ ಜೋರಾಗಿ ನಗುತ್ತಿದ್ದ. ಆಗ ಶಿವಶರಣನ ಹೆಬ್ಬೆರಳು ಗಡಿಯಾರದ ಗುಂಡಿಯನ್ನು ಒತ್ತಿತು. ಗಡಿಯಾರ ನಿಂತಿತು. ಮುದುಕ ಪೆನ್ಸಿಲು ಎತ್ತಿಕೊಂಡಾಗ ಮತ್ತೆ ಒತ್ತಿದ. ಓಡಿತು. ಇಷ್ಟು ಸುಲಭವಾಗಿ ಒಂದು ಅನ್ಯಾಯ ಸರಿಯಾಗುತ್ತದೆಯೇ ಎಂದು ಅವನಿಗೆ ಆಶ್ಚರ್ಯವಾಯಿತು. ಆಮೇಲೆ ಪ್ರತಿ ಸಲವೂ ಒತ್ತಿದ. ಎಷ್ಟು ಸಲ ಒತ್ತಬೇಕಾಯಿತು, ಮುದುಕ ಅದೇ ತಪ್ಪಿಗೆ ಎಷ್ಟು ಸಲ ವಾಪಸು ಹೋದ ಎಂಬುದರ ಕಡೆ ಅವನ ಗಮನವಿರಲಿಲ್ಲ. ಅವನ ಗಮನವೆಲ್ಲ ಗೋಡೆಯಾಚೆಯ ನಗುವಿನ ಮೇಲಿತ್ತು. ನಗು ಮಗನೇ, ನಿನ್ನ ಮೆಟ್ಟಿಲಿಗೊಂದು ಗತಿ ಕಾಣಿಸುತ್ತೇನೆ. ವಿನ್ನಿಯ ಕಣ್ಣು ಒಮ್ಮೆ ಅವನ ಹೆಬ್ಬೆರಳಿನ ಮೇಲೆ ಬಿತ್ತು. ಅವಳು ಗಮ್ ಜಗಿಯುತ್ತಲೇ ಇದ್ದಳು.

"ನಾರ್ಮಲ್ ಐತ್ರೀ," ಎಂದ, ಸಂಯುಕ್ತಾಳ ಬಾಗಿಲಲ್ಲಿ ನಿಂತು. ದನಿಯಲ್ಲಿ ಗೆಲುವು ಇಣುಕದಂತೆ ನೋಡಿಕೊಂಡ.

"ಹೌದಾ ಅಂಕಲ್? ಮಗ ಹೇಳಿದ್ದು ಕೇಳಿದ್ರೆ ಏನೋ ಪ್ರಾಬ್ಲಂ ಇದೆ ಅನ್ಸಿತ್ತು ನಂಗೆ." ಅವಳು ಡಬ್ಬಿಯಿಂದ ಪುಳಿಯೋಗರೆ ತಿನ್ನುತ್ತ ಪರದೆ ನೋಡುತ್ತಿದ್ದಳು. "ಓಕೆ, ಫೈನ್. ಲಂಚ್ ಆದ್ಮೇಲೆ ಮಗನ್ನ ಕರೆದು ಹೇಳ್ಬಿಡ್ತೀನಿ. ನೀವು ಊಟ ಮಾಡಿದ್ರಾ?"

ಊಟ ಮಾಡಲಿಲ್ಲ. ಹಸಿವಿರಲಿಲ್ಲ. ಬಹಳ ವರ್ಷದ ಮೇಲೆ ಎದೆಯೊಳಗೆ ಏನೋ ಸಡಿಲವಾಗಿತ್ತು. ರೋಗಿಗಳು ಕಾಯುವ ಹಜಾರದ ಪಕ್ಕದ ಪ್ರಿಂಟರಿನ ಗೂಡಿಗೆ ಹೋಗಿ, ಗಾಜಿನಾಚೆ ತಾನು ಉಳಿಸಿದ ಸಂಸಾರವನ್ನು ನೋಡುತ್ತ ನಿಂತ. ಮಗ ಹೊರಗೆ ಕಾರಿನ ಹತ್ತಿರ ಫೋನಿನಲ್ಲಿದ್ದ. ಮುದುಕ ಬಟ್ಟೆಯ ಚೀಲದಿಂದ ಮಾತ್ರೆಯ ಡಬ್ಬಿ ತೆಗೆದ; ವಾರದ ದಿನಕ್ಕೊಂದು ಮನೆಯಿರುವ ಪ್ಲಾಸ್ಟಿಕ್ ಡಬ್ಬಿ. ಒಂದು ಮನೆ ತೆರೆದು, ಮಾತ್ರೆಯನ್ನು ಅಂಗೈ ಮೇಲಿಟ್ಟುಕೊಂಡು, ಹೆಂಡತಿಯ ಗದ್ದವನ್ನು ಎತ್ತಿ, ನಾಲಿಗೆಯ ಮೇಲೆ ಇಟ್ಟ. ಫ್ಲಾಸ್ಕಿನಿಂದ ನೀರು ಕುಡಿಸಿದ. ಬಾಯಿಯ ಜಾರಿದ ಅಂಚಿನಿಂದ ಇಳಿದ ನೀರನ್ನು ತನ್ನ ತೋಳಿನಿಂದ ಒರೆಸಿದ. ನೋಡು, ಎಂದುಕೊಂಡ ಶಿವಶರಣ, ಇದರ ಮುಂದೆ ನಿಮ್ಮ ಗುಲಾಬಿ ಹಳದಿ ಯಾವ ಮೂಲೆಗೆ. ತನ್ನ ಮದುವೆಯಾದಾಗಿನಿಂದ ಯಾರಾದರೂ ತನ್ನ ಗದ್ದವನ್ನು ಹಾಗೆ ಎತ್ತಿದ್ದಾರೆಯೇ, ತಾನು ಯಾರದಾದರೂ ಗದ್ದ ಎತ್ತಿದ್ದೇನೆಯೇ ಎಂದು ಯೋಚಿಸಿದ. ಮುದುಕ ಡಬ್ಬಿಯನ್ನು ಚೀಲಕ್ಕಿಟ್ಟ. ಫ್ಲಾಸ್ಕನ್ನು ಚೀಲಕ್ಕಿಟ್ಟ. ಸ್ವಲ್ಪ ಹೊತ್ತು ಮೆದುಳಿನ ಚಿತ್ರ ನೋಡಿದ. ಗೋಡೆಯ ಗಡಿಯಾರ ನೋಡಿದ. ನೋಡಿ, ಏನೋ ನೆನಪಾದವನಂತೆ ಚೀಲಕ್ಕೆ ಕೈ ಹಾಕಿ ಡಬ್ಬಿ ತೆಗೆದ, ಮುಂದಿನ ಮನೆ ತೆರೆದ, ಮಾತ್ರೆಯನ್ನು ಅಂಗೈ ಮೇಲಿಟ್ಟುಕೊಂಡ, ಹೆಂಡತಿಯ ಗದ್ದ ಎತ್ತಿದ.

ಮೊದಲಿನ ಹಾಗೆಯೇ. ಅಷ್ಟೇ ಪ್ರೀತಿಯಿಂದ.

ಶಿವಶರಣ ಗಾಜಿಗೆ ಮುಖ ತಾಗಿಸಿ ನೋಡಿದ. ಬೇರೆ ಮಾತ್ರೆಯಿರಬೇಕು ಎಂದುಕೊಂಡ. ನಾಳಿನ ಮನೆಯಲ್ಲಿ ಇವತ್ತಿನ ಬೇರೆ ಮಾತ್ರೆ ಯಾಕಿರುತ್ತದೆ? ಮುದುಕ ಫ್ಲಾಸ್ಕು ಇಡಲು ಬಗ್ಗಿದ. ಬಗ್ಗಿದ ಕ್ಷಣಕ್ಕೆ ಮುದುಕಿಯ ಎಡಗೈ ಟವೆಲ್ಲನ್ನು ಬಾಯಿಗೆ ಒಯ್ದಿತು, ಕೆನ್ನೆಯೊಳಗಿಂದ ಏನೋ ಟವೆಲ್ಲಿಗೆ ಬಿತ್ತು, ಟವೆಲ್ಲು ಮತ್ತೆ ಮಡಿಲಿಗೆ ಬಂತು. ಇದು ಇವತ್ತು ಕಲಿತ ಕೈ ಅಲ್ಲ. ಟವೆಲ್ಲನ್ನು ಮಡಚುತ್ತ ಅವಳು ತಲೆ ಎತ್ತಿದಳು. ಗಾಜಿನಾಚೆ ಅವನು ನಿಂತಿದ್ದನ್ನು ಕಂಡಳು.

ಅವನು ಹಜಾರಕ್ಕೆ ಹೋದ. ಯಾಕೆ ಹೋದನೆಂದು ಅವನಿಗೇ ಗೊತ್ತಿರಲಿಲ್ಲ. ಅವನನ್ನು ಕಂಡು ಮುದುಕ ದಡಬಡಿಸಿ ಎದ್ದು ತಲೆ ಬಾಗಿಸಿದ. ಪರೀಕ್ಷೆ ಮಾಡುವವನು ಮತ್ತೆ ಬಂದು ಎದುರಿಗೆ ನಿಂತಿದ್ದಾನೆ, ಬಾಯಿ ಬಿಡುತ್ತಿಲ್ಲ, ತನ್ನ ಕೈಯನ್ನೇ ನೋಡುತ್ತಿದ್ದಾನೆ. ಮುದುಕನಿಗೆ ಅರ್ಥವಾಯಿತು, ಅಥವಾ ಅರ್ಥವಾಯಿತೆಂದುಕೊಂಡ. ಮುಖ ಬೆಳಗಿತು. ಇದು ತನಗೆ ಬರುವ ಪಾಠ. ಡಬ್ಬಿ ತೆಗೆದು, ಅದರ ಇನ್ನೊಂದು ಮನೆ ತೆರೆದು, ಮಾತ್ರೆಯನ್ನು ಶಿವಶರಣನಿಗೆ ಕಾಣುವಂತೆ ಎತ್ತಿ ತೋರಿಸಿ, ಹೆಂಡತಿಯ ಗದ್ದಕ್ಕೆ ಕೈ ಹಾಕಿದ. "ಬ್ಯಾಡ!" ಎಂದ ಶಿವಶರಣ, ಕನ್ನಡದಲ್ಲಿ. ಮುದುಕ ನಕ್ಕು ತಲೆಯಾಡಿಸಿ ಮಾತ್ರೆಯಿಟ್ಟ. ಮುದುಕಿ ಬಾಯಿ ಮುಚ್ಚಿಕೊಂಡು, ನುಂಗಿದಂತೆ ಗಂಟಲು ಆಡಿಸಿ, ಆ ಹೊತ್ತೆಲ್ಲ ಶಿವಶರಣನನ್ನು ದಿಟ್ಟಿಸಿದಳು. ಫ್ಲಾಸ್ಕು ಖಾಲಿಯಾಗಿತ್ತು. ಮುದುಕ ನೀರು ತರಲು ಮೂಲೆಯ ನಲ್ಲಿಯತ್ತ ಹೋದ. ಅವಳು ಮಾತ್ರೆಯನ್ನು ಬೆರಳಿನಿಂದ ಬಾಯಿಯೊಳಗಿಂದ ತೆಗೆದು, ಶಿವಶರಣನ ಕೈ ಎಳೆದು, ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ಒಂದೊಂದಾಗಿ ಮಡಚಿದಳು. ಎಲ್ಲೋ ಎಸೆದುಬಿಡು ಎಂದು ಆಳಿಗೆ ಕೊಡುವ ಹಾಗೆ.

"ಹಿ ಗುಡ್," ಎಂದಳು. ನಾಲಿಗೆ ಒಂದು ಕಡೆಗೆ ಎಳೆಯುತ್ತಿತ್ತು. "ಐ ವಾಚ್. ಓಕೆ?"

ಕಾರಿಡಾರಿನಲ್ಲಿ, ಸಂಯುಕ್ತಾಳ ಬಾಗಿಲಿನ ಹೊರಗೆ, ಅವನು ಒದ್ದೆ ಮುಷ್ಟಿ ಹಿಡಿದುಕೊಂಡು ನಿಂತ. ಮಾತ್ರೆ ಕರಗಿ ಅಂಟತೊಡಗಿತ್ತು. ಯಜಮಾನಿಕೆ ಆ ಮನೆಯಲ್ಲಿ ಇದೆ, ಅವಳ ತಲೆಯಲ್ಲಿದೆ, ಒಂದೇ ಕೈಯಲ್ಲಿ ಎರಡು ಜೀವ ನಡೆಸುತ್ತಿದ್ದಾಳೆ. ಸುಮ್ಮನಿದ್ದುಬಿಡಬಹುದು. ಆದರೆ ಒಂದು ದಿನ ಅವಳಿಗೆ ಜ್ವರ ಬಂದು ಕಣ್ಣು ಮುಚ್ಚಿದ್ದಾಗ ಆ ಮುದುಕ ಗದ್ದ ಎತ್ತಿ, ಎತ್ತಿ, ವಾರದ ಮಾತ್ರೆಯನ್ನೆಲ್ಲ ಪ್ರೀತಿಯಿಂದ ನುಂಗಿಸುತ್ತಾನೆ. ಹೇಳಬೇಕು. ಏನು ಹೇಳುವುದು? ಗಡಿಯಾರ ನಾನು ನಿಲ್ಲಿಸಿದೆ, ಆ ಪರೀಕ್ಷೆ ಸುಳ್ಳು, ಇನ್ನೊಮ್ಮೆ ಮಾಡೋಣ ಎಂದರೆ ಸಾಕು. ಆ ಎರಡನೇ ಪರೀಕ್ಷೆಯೇ ಹೇಳಬೇಕಾದ್ದನ್ನು ಹೇಳುತ್ತದೆ. ಮುದುಕಿಯ ಟವೆಲ್ಲಿನ ವಿಷಯ ಯಾರಿಗೂ ತಿಳಿಯಬೇಕಿಲ್ಲ. ಆದರೆ ಹಾಗೆ ಹೇಳಿದರೆ ಸಂಯುಕ್ತಾ ಪುಳಿಯೋಗರೆಯ ಚಮಚ ಕೆಳಗಿಡುತ್ತಾಳೆ. "ಅಂಕಲ್..." ಎನ್ನುತ್ತಾಳೆ. ಸಂಜೆಯೊಳಗೆ ನಿರುಪಮಾಳಿಗೆ ಫೋನು ಹೋಗುತ್ತದೆ. ಭಾನುವಾರದೊಳಗೆ ಮಧುಕರನ ಹಜಾರದಲ್ಲಿ ಅದು ನಗುವಾಗುತ್ತದೆ. ಎಲ್‌ಕೆಜಿ ಮಾಸ್ತರನೇ ಕಾಪಿ ಹೊಡೆಸಿದನಂತೆ. ಬಾಗಿಲು ತಟ್ಟುವಾಗ ಅವನು ಗಡಿಯಾರದ ಮಾತನ್ನೇ ಬಾಯಿಯಲ್ಲಿ ಹಿಡಿದುಕೊಂಡಿದ್ದ. ಒಳಗೆ ಹೋಗಿ, ಬಾಯಿಯ ಬದಲು ಮುಷ್ಟಿ ಬಿಚ್ಚಿದ.

"ಏನಂಕಲ್ ಇದು, ಥೂ."

"ಆ ಮುದುಕ ಹೆಂಡ್ತಿಗಿ ಒಂದ ಗುಳಿಗಿ ಮ್ಯಾಲ ಮ್ಯಾಲ ಕೊಡ್ತಾನ್ರೀ. ಆಕಿ ನುಂಗೂದಿಲ್ಲ, ಟವೆಲ್ನಾಗ ಉಗಳ್ತಾಳ. ಭಾಳ ದಿನದಿಂದ ನಡದದ ಅನಸ್ತದ."

ಅವಳು ನಿಜಕ್ಕೂ ಚಮಚ ಕೆಳಗಿಟ್ಟಳು. ಎದ್ದು ನಿಂತಳು. "ಓ ಮೈ ಗಾಡ್. ಅಂದ್ರೆ ವೈಫ್ ಕವರ್ ಮಾಡ್ತಿದಾರೆ! ಅಂಕಲ್, ಸೂಪರ್ ಕ್ಯಾಚು. ಎಷ್ಟು ಜನ ನೋಡ್ತಾರೆ ಹೇಳಿ ಹೀಗೆ?" ಕೋಣೆಯೊಳಗೆ ಅಡ್ಡಾಡತೊಡಗಿದಳು. "ಪೇಪರ್ ಟೆಸ್ಟಲ್ಲಿ ನಾರ್ಮಲ್, ಡೈಲಿ ಲೈಫಲ್ಲಿ ಜೀರೋ. ಚೈನೀಸ್ ಎಲ್ಡರ್ಸಲ್ಲಿ ಈ ಟೆಸ್ಟು ಮಿಸ್ ಮಾಡತ್ತೆ ಅನ್ನೋಕೆ ಇದಕ್ಕಿಂತ ಕ್ಲೀನ್ ಕೇಸ್ ಸಿಗಲ್ಲ. ನಾನಿದನ್ನ ಜರ್ನಲ್‌ಗೆ ಬರೀತೀನಿ, ನಿಮ್ಮ ಹೆಸರೂ ಹಾಕ್ತೀನಿ." ನಿಂತು, ಅವನ ಕಡೆ ತಿರುಗಿದಳು. "ಟೈಮಿಂಗ್ ಪಕ್ಕಾ ತಾನೆ ಅಂಕಲ್?"

ಪ್ರಿಂಟರು ಎಲ್ಲೋ ಹಾಳೆ ಉಗುಳುತ್ತಿತ್ತು.

"ಪಕ್ಕಾರೀ," ಎಂದ ಶಿವಶರಣ.

ಕೆವಿನ್ ಕೂಗಾಡುತ್ತಾನೆ, ಅಥವಾ ನಾನು ಹೇಳಲಿಲ್ಲವೇ ಎಂದು ಎದೆಯುಬ್ಬಿಸುತ್ತಾನೆ ಎಂದು ಅವನು ಕಾದಿದ್ದ. ಅದಕ್ಕೆ ತಕ್ಕ ತಿರಸ್ಕಾರವನ್ನು ತಯಾರು ಮಾಡಿಕೊಂಡಿದ್ದ. ಸಂಯುಕ್ತಾ ವಿಷಯ ಹೇಳಿದಾಗ ಕೆವಿನ್ ಗೋಡೆಗೆ ಒರಗಿ, ಹಾಗೆಯೇ ಜಾರಿ, ನೆಲದ ಮೇಲೆ ಕೂತುಬಿಟ್ಟ. "ಅಮ್ಮನಿಗೆ ಗೊತ್ತಿತ್ತಾ?" ಎಂದು ಮಾತ್ರ ಕೇಳಿದ. ಸ್ವಲ್ಪ ಹೊತ್ತಾದ ಮೇಲೆ ಎದ್ದು ಮುಖ ತೊಳೆದುಕೊಂಡು ಬಂದು, ಫೋನು ಮಾಡಿ, ಮೊದಲೇ ನೋಡಿಟ್ಟಿದ್ದ ನರ್ಸಿಂಗ್ ಹೋಮಿನಲ್ಲಿ ತಾಯಿಗೆ ಇವತ್ತೇ ಜಾಗ ಗೊತ್ತುಮಾಡಿದ. ಬಂದು ಶಿವಶರಣನ ಕೈ ಕುಲುಕಿದ, ಮಾತ್ರೆ ಅಂಟಿದ್ದ ಅದೇ ಕೈಯನ್ನು. "ನೀವು ನೋಡದೇ ಇದ್ದಿದ್ದರೆ..." ಎಂದ. ತಯಾರು ಮಾಡಿಟ್ಟ ತಿರಸ್ಕಾರವನ್ನು ಎಲ್ಲಿಡುವುದೆಂದು ತಿಳಿಯದೆ ಶಿವಶರಣ ಅದನ್ನು ಹಾಗೆಯೇ ಹಿಡಿದುಕೊಂಡು ನಿಂತ.

ಹಜಾರದಲ್ಲಿ ಮಗ ತಂದೆತಾಯಿಗೆ ಅವರ ಭಾಷೆಯಲ್ಲಿ ಏನು ಹೇಳಿದನೋ. ಮುದುಕಿ ಶಿವಶರಣನ ಕಡೆ ನೋಡಲಿಲ್ಲ. ನೋಡಿದ್ದರೆ, ಉಗಿದಿದ್ದರೆ, ಅವನು ತಡೆದುಕೊಳ್ಳುತ್ತಿದ್ದ. ಅವಳ ಮಟ್ಟಿಗೆ ಅವನು ಅಲ್ಲಿರಲೇ ಇಲ್ಲ. ಮಗ ಗಾಲಿಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿದಾಗ ಮುದುಕ ಅದರ ಹಿಂದೆ ನಾಲ್ಕು ಹೆಜ್ಜೆ ಹೋದ, ನಿಂತ, ಸುತ್ತ ನೋಡಿದ, ವಿನ್ನಿಯನ್ನು ತೋಳು ಹಿಡಿದು ಶಿವಶರಣನ ಬಳಿ ಕರೆದುಕೊಂಡು ಬಂದ.

"ಯಾವುದು ತಪ್ಪಾಯಿತು ಅಂತ ಕೇಳುತ್ತಿದ್ದಾರೆ," ಎಂದಳು ವಿನ್ನಿ. "ಇನ್ನೊಮ್ಮೆ ಕೊಟ್ಟರೆ ಸರಿ ಮಾಡುತ್ತಾರಂತೆ. ಈಗಲೇ ಬೇಕಾದರೂ ಮಾಡುತ್ತಾರಂತೆ."

"ಒಂದೂ ತಪ್ಪಾಗಿಲ್ಲ ಅಂತ ಹೇಳು."

ವಿನ್ನಿಯ ದವಡೆ ನಿಂತಿತು. "ಹಾಗೇ ಹೇಳಲಾ?"

"ಹಾಗೇ ಹೇಳು."

ಹೇಳಿದಳು. ಮುದುಕ ಪೂರ್ತಿ ಕೇಳಿ, ತಲೆಯಾಡಿಸಿ, ಇನ್ನೊಂದು ಮಾತು ಕೇಳಿದ.

"ಹಾಗಾದರೆ ಅವಳನ್ನ ಯಾಕೆ ಕರೆದುಕೊಂಡು ಹೋಗುತ್ತಿದ್ದಾರೆ, ಅಂತ."

ಶಿವಶರಣನ ಬಾಯಿ ತೆರೆಯಿತು. ವಿನ್ನಿ ಅವನಿಗಾಗಿ ಕಾಯಲಿಲ್ಲ. ಮುದುಕನ ಕಡೆ ತಿರುಗಿ ತಾನೇ ಏನೋ ಹೇಳಿದಳು. ಮುದುಕ ಅವಳ ಬಾಯಿಯನ್ನು ನೋಡುತ್ತ ಕೇಳಿದ. ಆಮೇಲೆ ಶಿವಶರಣನ ಹತ್ತಿರ ಬಂದು, ಅವನ ಮೊಣಕೈಯನ್ನು ಎರಡು ಸಲ ಮೆಲ್ಲಗೆ ತಟ್ಟಿ, ಪಾಪ, ಇರಲಿ ಬಿಡು ಎನ್ನುವ ಹಾಗೆ ಮುಖ ಮಾಡಿ, ಹೆಂಡತಿ ಹೋದ ಬಾಗಿಲಿನತ್ತ ಅವಸರದಿಂದ ನಡೆದ.

"ಏನು ಹೇಳಿದೆ ಅವನಿಗೆ?" ಎಂದು ಶಿವಶರಣ ಕೇಳಿದ.

"ನಿಮಗೇನೂ ಗೊತ್ತಿಲ್ಲ ಅಂತ," ಎಂದಳು ವಿನ್ನಿ, ಕೋಟು ಹಾಕಿಕೊಳ್ಳುತ್ತ. "ಇಲ್ಲಿ ಸುಮ್ಮನೆ ಕೆಲಸಕ್ಕೆ ಇರುವವರು ಅಂತ ಹೇಳಿದೆ."